ಒಪ್ಪಿಕೊಂಡ ಮೂರು ಕಳ್ಳತನಗಳು

ಮಸ್ಕಿಯಿಂದ ಸಿಂಧನೂರು, ಲಿಂಗಸುಗೂರು ಕೋರ್ಟುಗಳಿಗೆ ಬಸ್ಸಿನಲ್ಲಿ ಓಡಾಡುತ್ತ ವಕೀಲಿಕೆ ಮಾಡುವವಳು ನಾನು. ಬಾಯಿ ಜೋರು ಎಂದು ನನಗೆ ಹೆಸರಿದೆ. ಇರಲಿ ಬಿಡಿ, ಬಾಯಿಸತ್ತವಳಿಗೆ ಇಲ್ಲಿ ಕೇಸು ಯಾರು ಕೊಡುತ್ತಾರೆ? ಅಂಥ ನನ್ನ ಬಾಯಿಯೂ ಒಂದು ದಿನ ಕಟ್ಟಿಹೋಯಿತು.

ಕಕ್ಷಿದಾರ ತುರ್ವಿಹಾಳದವನು, ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲ. ಕಾಲುವೆ ದಂಡೆಯ ಪಂಪ್‌ಸೆಟ್ಟಿನ ತಾಮ್ರದ ತಂತಿ ಕದ್ದನೆಂದು ಕೇಸು. ವಾದಿಸಿದೆ, ಸೋತೆ. ಸೋತರೂ ಧೈರ್ಯವಿತ್ತು. ಮೊದಲ ಸಲ ತಪ್ಪು ಮಾಡಿದವನನ್ನು ಜೈಲಿಗೆ ಹಾಕದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಅದನ್ನೇ ಕೇಳಲು ಎದ್ದು ನಿಂತೆ. ಗಂಡನನ್ನು ಕರೆದುಕೊಂಡೇ ಹೋಗುತ್ತೇನೆಂದು ಅವನ ಹೆಂಡತಿ ಹೊರಗೆ ಕೂತಿದ್ದಳು.

ಅಷ್ಟರಲ್ಲಿ ಸರ್ಕಾರಿ ವಕೀಲರು ಒಂದು ಪಟ್ಟಿ ಮುಂದಿಟ್ಟರು. ಇವನಿಗೆ ಹಿಂದೆ ಮೂರು ಕಳ್ಳತನದ ಕೇಸುಗಳಲ್ಲಿ ಶಿಕ್ಷೆಯಾಗಿದೆ. ಎರಡು ಇಲ್ಲೇ ಸಿಂಧನೂರಿನಲ್ಲಿ, ಒಂದು ಲಿಂಗಸುಗೂರಿನಲ್ಲಿ. ಬೆರಳಚ್ಚೂ ತಾಳೆಯಾಗಿದೆ. ನ್ಯಾಯಾಧೀಶರು ನಿಜವೇ ಎಂದು ಕೇಳಿದರೆ ಈ ಪುಣ್ಯಾತ್ಮ "ಹೌದ್ರೀ, ನಾನಽ ರೀ" ಎಂದುಬಿಟ್ಟ.

ನನಗೆ ಪಿತ್ತ ನೆತ್ತಿಗೇರಿತು. ಹತ್ತು ನಿಮಿಷ ಸಮಯ ಕೇಳಿಕೊಂಡು ಅವನನ್ನು ವರಾಂಡದ ಮೂಲೆಗೆ ಕರೆದೆ.

"ಏನಪಾ, ಮೂರು ಸಲ ಶಿಕ್ಷಾ ಆಗೇತಿ ಅಂತ ನನಗ ಒಂದ್ ಮಾತು ಹೇಳಬಾರದೇನು? ಎಲ್ಲಾರ ಮುಂದ ನನ್ನ ಮಾನ ಕಳದಿ!"

"ಅವು ನಾ ಮಾಡಿದ್ದಲ್ರೀ ಅಕ್ಕಾರ."

"ಮಾಡದಿದ್ರ ಮತ್ಯಾಕ ಒಪ್ಕೊಂಡಿ?"

ಅವನು ನನ್ನ ಮುಖವನ್ನೇ ನೋಡಿದ. "ನೀವಽ ಒಪ್ಕೋ ಅಂದಿದ್ರಲ್ರೀ."

ನನ್ನ ಕೈಗೂ ಕೊಟ್ಟಿದ್ದ ಪಟ್ಟಿಯ ಜೊತೆಗಿದ್ದ ತೀರ್ಪಿನ ನಕಲುಗಳನ್ನು ತಿರುವಿದೆ. ಆರೋಪಿಯ ಪರ ವಕೀಲರು ಎಂಬಲ್ಲಿ ಮೂರಕ್ಕೆ ಮೂರರಲ್ಲೂ ನನ್ನ ಹೆಸರು! ಅವನ ಮುಖವೂ ನನಗೆ ನೆನಪಿರಲಿಲ್ಲ ನೋಡಿ.

ನಮ್ಮಲ್ಲಿ ಅದೊಂದು ರೂಢಿ. ಸಣ್ಣ ಕೇಸಿನ ಕೂಲಿಯವರು ತಾರೀಖಿಗೊಮ್ಮೆ ಬಂದರೆ ಆ ದಿನದ ದುಡಿಮೆ ಹೋಯಿತು. ಅದಕ್ಕೇ ನಾವು ಹೇಳುತ್ತೇವೆ: "ಒಪ್ಕೊಂಡುಬಿಡು. ಕೋರ್ಟ್ ಏಳೋತನಕ ಕುಂದ್ರು, ಅದಽ ಶಿಕ್ಷಾ, ದಂಡ ಕಟ್ಟು, ನಾಳಿಂದ ಕೆಲಸಕ್ಕ ಹೋಗು." ಉಪಕಾರ ಮಾಡಿದೆವೆಂದೇ ನಂಬಿದ್ದೆವು. ನೀನು ಕದ್ದಿದ್ದೀಯಾ ಎಂದು ಯಾರನ್ನೂ ಕೇಳಿದವಳಲ್ಲ ನಾನು. ಕೇಳುವ ಪುರುಸೊತ್ತಾದರೂ ಎಲ್ಲಿ? ಒಮ್ಮೆ ಒಪ್ಪಿಕೊಂಡವನ ಹೆಸರು ಠಾಣೆಯಲ್ಲಿ ಉಳಿಯಿತು. ಆಮೇಲೆ ಆ ಕಡೆ ಎಲ್ಲಿ ಕಳುವಾದರೂ ಇವನನ್ನೇ ಎಳೆದು ತಂದರು. ತಂದಾಗಲೆಲ್ಲ ಇವನು ನನ್ನ ಹತ್ತಿರ ಬಂದ, ನಾನು ಅದೇ ಮಾತು ಹೇಳಿದೆ.

"ಹಂಗಾರ ಈ ಸಲ ಯಾಕ ಕೇಸು ನಡಸ್ರೀ ಅಂದಿ?"

ಅವನು ತಲೆ ತಗ್ಗಿಸಿದ. "ಈ ಸಲ ಖರೇನಽ ಮಾಡೀನ್ರೀ. ಮಾಡಲಾರದ್ದು ಒಪ್ಕೊಳ್ಳಾಕ ನಾಚಿಕಿ ಇರಲಿಲ್ರೀ. ಮಾಡಿದ್ದು ಹೆಂಗ ಒಪ್ಕೊಳ್ಳಲಿ? ಮನ್ಯಾಗ ಕಳ್ಳ ಅಂತಿದ್ರು, ಮಿಲ್ಲಿನ್ಯಾಗ ಕಳ್ಳ ಅಂತಿದ್ರು. ಒಂದಿನ ಸಿಟ್ಟು ಬಂತು, ಮಾಡಿಬಿಟ್ಟೆ."

ಅಯ್ಯೋ ದೇವರೇ ಎಂದೆ. ಆಮೇಲೆ ಒಳಗೆ ಹೋಗಿ ನ್ಯಾಯಾಧೀಶರಿಗೆ ಹೇಳಿಯೇಬಿಟ್ಟೆ: ಈ ಮೂರರಲ್ಲೂ ನಾನೇ ಇವನ ವಕೀಲೆ, ಏನನ್ನೂ ವಿಚಾರಿಸದೆ ನಾನೇ ಇವನಿಂದ ತಪ್ಪೊಪ್ಪಿಸಿದ್ದು, ಇವನನ್ನು ಹಳೆ ಕಳ್ಳನೆಂದು ಎಣಿಸಬೇಡಿ. ಅವರು ಪೆನ್ನು ಕೆಳಗಿಟ್ಟರು.

"ನಿಮ್ಮ ಮಾತು ನಂಬುತ್ತೇನೆ, ಮೇಡಂ. ಆದರೆ ಆ ಮೂರು ತೀರ್ಪುಗಳ ಮೇಲೆ ಯಾರೂ ಅಪೀಲು ಹೋಗಿಲ್ಲ. ನಾನು ಅವನ್ನು ಇಲ್ಲವೆನ್ನಲಾರೆ. ಮುಚ್ಚಳಿಕೆಯ ಮೇಲೆ ಬಿಡಲೂ ಆಗುವುದಿಲ್ಲ."

ಎರಡು ವರ್ಷ ಜೈಲು ಕೇಳಿದ್ದರು ಸರ್ಕಾರಿ ವಕೀಲರು. ನ್ಯಾಯಾಧೀಶರು ಆರು ತಿಂಗಳು ಬರೆದರು. ಹೊರಗೆ ಸುದ್ದಿ ಮುಟ್ಟಿ ಹೆಂಡತಿ "ಯವ್ವಾ" ಎಂದು ಕೂಗಿದ್ದು ಒಳಗೂ ಕೇಳಿಸಿತು. ಪೊಲೀಸರು ಕರೆದೊಯ್ಯುವಾಗ ಅವನು ನನ್ನ ಹತ್ತಿರ ನಿಂತ. ಬೈಯುತ್ತಾನೆಂದುಕೊಂಡೆ. ಬೈದಿದ್ದರೆ ಎಷ್ಟೋ ಚಲೋ ಇತ್ತು.

"ಅಕ್ಕಾರ, ಇದೊಂದು ಜೈಲು ಮುಗಿಸಿ ಬಂದ್ರ ಅವು ಮೂರೂ ಅಳಿಸಿ ಹೋಗ್ತಾವೇನ್ರೀ?"

"ಇಲ್ಲಪಾ," ಎಂದೆ, "ಈಗ ನಾಕು ಆದವು."