ಟಗರಿನ ಮೇಲೆ ಬಿದ್ದ ದೇಶ

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಮ್ಮ ಮಾಳಪ್ಪ ಮಾವನ ಟಗರಿನ ಮೇಲೆ ಒಂದು ದೇಶ ಬಿತ್ತು. ಯಾವ ದೇಶ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಮಾವನ ಊರು ನ್ಯಾಲ್ಕಲ್ ಹತ್ತಿರ, ಗಡಿಯ ಹೈದರಾಬಾದ್ ಬದಿಗೆ. ಅವನ ಕುರಿಹಟ್ಟಿಯಲ್ಲಿ ನಿಂತು ಕೆಮ್ಮಿದರೆ ಕರ್ನಾಟಕಕ್ಕೆ ಕೇಳಿಸುತ್ತದೆ. ಫೋನ್ ಬಂದಾಗ ನಾನು ಜಹೀರಾಬಾದ್‌ನಲ್ಲಿದ್ದೆ. ಆಟೊ ಹಿಡಿದು ಹೋಗುವಷ್ಟರಲ್ಲಿ ಟಗರು ಸತ್ತಿತ್ತು, ಊರು ಸೇರಿತ್ತು. ಆಕಾಶದಿಂದ ಬಿದ್ದು ಟಗರನ್ನು ಕೊಂದ ಉಂಡೆಯನ್ನು ಮಾವ ಕೊಂಡವಾಡಕ್ಕೆ ಎಳೆದೊಯ್ದು ಬೀಗ ಹಾಕಿದ್ದ.

ಕೊಂಡವಾಡ ಗೊತ್ತಲ್ಲ? ಕಂಡವರ ಬೆಳೆ ಮೇಯ್ದ ದನಗಳನ್ನು ಕೂಡಿಹಾಕುವ ದೊಡ್ಡಿ. ಮಾಲೀಕ ಬಂದು ನಷ್ಟ ತುಂಬಿಕೊಟ್ಟರೆ ದನ ಬಿಡುಗಡೆ. ಈಗ ಅಲ್ಲಿ ಮದುವೆ ಹಂಡೆಯಷ್ಟು ದೊಡ್ಡ ಲೋಹದ ಉಂಡೆ ಕುಳಿತಿತ್ತು. ಮೈತುಂಬ ಸುಟ್ಟ ಕಪ್ಪು ನಾರು.

"ಯಾರ ಮಾಲು ಅದನೋ ಅವರು ಬರ್ಲಿ. ಟಗರ ಕೊಡ್ಲಿ, ಉಂಡಿ ಒಯ್ಯಲಿ," ಎಂದ ಮಾವ.

"ರೊಕ್ಕ ಕೊಟ್ರ ನಡೀತದಲ್ಲ ಮಾವಾ?"

"ಕುರಿ ಬೆದಿಗಿ ಬಂದಾವ. ಅವಕ್ಕ ನೋಟು ತೋರಿಸ್ಲೇನು?"

ಮಾತು ಖರೆ. ಹಟ್ಟಿಗೆ ಇದ್ದದ್ದು ಅದೊಂದೇ ಟಗರು. ಅದಿಲ್ಲದಿದ್ದರೆ ಈ ವರ್ಷ ಮರಿಗಳಿಲ್ಲ. ಹಾಗಾಗಿ ಉಂಡೆಯ ಮಾಲೀಕನನ್ನು ಹುಡುಕುವುದು ಊರಿನ ಕೆಲಸವಾಯಿತು. ಚಹಾ ಹೋಟೆಲಿನಲ್ಲಿ ಸಭೆ ಕೂತಿತು. ನನ್ನ ಡೈರಿಯಲ್ಲಿರುವ ಲೆಕ್ಕ: ಚೀನಾಕ್ಕೆ ಏಳು ಮತ, ಅಮೆರಿಕಕ್ಕೆ ಮೂರು, ರಷ್ಯಾಕ್ಕೆ ಎರಡು, ಕರ್ನಾಟಕಕ್ಕೆ ಒಂದು.

"ಇಷ್ಟು ಜಲ್ದಿ ಕೆಟ್ಟು ಬಿದ್ದದಂದ್ರ ಚೀನಾ ಬಿಟ್ಟು ಮತ್ಯಾರದು?" ಎಂದರು ಹೋಟೆಲಿನ ಹುಸೇನ್ ಚಾಚಾ. (ಅವರ ಮೊಬೈಲ್ ಚಾರ್ಜರ್ ಆ ವಾರವೇ ಸುಟ್ಟಿತ್ತು.) ಕರ್ನಾಟಕಕ್ಕೆ ಮತ ಹಾಕಿದವರು ನಮ್ಮ ಬೀಟ್ ಕಾನ್‌ಸ್ಟೇಬಲ್. ಆ ಕಡೆ ಬಿದ್ದು ಈ ಕಡೆ ಉರುಳಿ ಬಂದಿರಬಹುದಲ್ಲ, ಕೇಸು ಅವರದೇ ಆಗಲಿ ಎಂಬುದು ಅವರ ವಾದ.

ಗುರುವಾರ ಹೈದರಾಬಾದಿನಿಂದ ವಿಜ್ಞಾನಿ ಮೇಡಂ ಬಂದರು. ಕೈಗೆ ಗ್ಲೌಸ್, ಮುಖಕ್ಕೆ ಮಾಸ್ಕ್. "ಇದನ್ನು ಯಾರ್ಯಾರು ಮುಟ್ಟಿದಿರಿ? ಒಳಗೆ ವಿಷದ ಇಂಧನ ಉಳಿದಿರುತ್ತದೆ," ಎಂದರು. ಇಡೀ ಊರಿನ ಕೈಗಳು ಬೆನ್ನ ಹಿಂದೆ ಹೋದವು.

ಆಮೇಲೆ ವಿವರಿಸಿದರು. ಇದು ರಾಕೆಟ್ಟಿನ ಇಂಧನ ವ್ಯವಸ್ಥೆಯ ಟ್ಯಾಂಕು. ಉಂಡೆಯ ಕುತ್ತಿಗೆಯಲ್ಲಿ ಕೊರೆದ ನಂಬರ್ ಓದಬೇಕು. ಯಾವ ಲೋಹ ಎಂದು ನೋಡಬೇಕು. ಆ ಬೆಳಿಗ್ಗೆ ನಮ್ಮ ನೆತ್ತಿಯ ಮೇಲೆ ಯಾರ ಹಳೇ ರಾಕೆಟ್ಟು ಕೆಳಗಿಳಿಯುತ್ತಿತ್ತು ಎಂದು ತಾಳೆ ಹಾಕಬೇಕು. ಎಲ್ಲಿ ಬಿದ್ದರೂ ಅದು ಹಾರಿಸಿದ ದೇಶದ ಸೊತ್ತೇ. ನಷ್ಟವನ್ನೂ ಆ ದೇಶವೇ ತುಂಬಬೇಕು. ಅಂತರರಾಷ್ಟ್ರೀಯ ಒಪ್ಪಂದವಿದೆ.

ಮಾವ ಅರಳಿದ. "ನಾ ಹೇಳಿದ್ದೂ ಅದೇ ಅಲ್ರೀ? ಇಡೀ ಜಗತ್ತಿಗಿ ಒಂದೇ ಕೊಂಡವಾಡ."

ವಾರದೊಳಗೆ ದೇಶ ಸಿಕ್ಕಿತು. ಹೆಸರು ಬೇಡ. (ಚಾಚಾ ಸೋತರು, ಅಷ್ಟು ಸಾಕು.) ಆ ದೇಶ ಬಹಳ ಸಭ್ಯವಾಗಿ ಉತ್ತರ ಕೊಟ್ಟಿತಂತೆ: ಉಂಡೆ ನಮ್ಮದೇ, ದಯವಿಟ್ಟು ಮರಳಿಸಿ. ಟಗರಿನ ಬಗ್ಗೆ ದಾಖಲೆ ಕಳಿಸಿದರೆ ಪರಿಶೀಲಿಸುತ್ತೇವೆ.

ಸರಿ, ಈಗ ಟಗರಿನ ವಿಚಾರಣೆ. ತಹಸೀಲ್ ಕಚೇರಿಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದರು.

"ಟಗರಿನ ಕಿವಿಗೆ ನಂಬರ್ ಟ್ಯಾಗ್ ಇತ್ತಾ?"

"ನನ್ನ ಟಗರ ನನಗ ಗುರ್ತಿಲ್ಲೇನ್ರಿ? ಟ್ಯಾಗ್ ಯಾಕ?"

"ಫೋಟೋ?"

"ಅದಕ್ಕ ಹೆಣ್ಣು ಕೊಡಾಕ ಯಾರಾದ್ರೂ ಬಂದಿದ್ರೇನ್ರಿ?"

ಜನ ನಕ್ಕರು. ಸಾಹೇಬರು ನಗಲಿಲ್ಲ. ಉಂಡೆ ಬಡಿದೇ ಸತ್ತಿತೋ, ಸದ್ದಿಗೆ ಎದೆಯೊಡೆದು ಸತ್ತಿತೋ? ಎರಡಕ್ಕೂ ಕಾಲಂ ಬೇರೆ ಬೇರೆಯಂತೆ. ಪೋಸ್ಟ್‌ಮಾರ್ಟಂ ಆಗಲೇಬೇಕು. ಎಲ್ಲಿ ಹೂತಿದ್ದೀರಿ?

ಊರಿನವರು ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೆ ಮಾವನೇ ಹೇಳಿದ.

"ಹೂಳಿಲ್ರಿ ಸಾಹೇಬ್ರ. ಬಿದ್ದ ದಿನ ಮಧ್ಯಾಹ್ನ ಉಂಡಿದು ಪಂಚನಾಮಿ ಬರಿಯಾಕ ನಿಮ್ಮೋರು ಬಂದಿದ್ರು. ಉಪಾಸ ಹ್ಯಾಂಗ ಕಳಸ್ಲಿ?"

ಸಾಹೇಬರು ಪೆನ್ನಿನ ಕ್ಯಾಪ್ ಮುಚ್ಚಿ ಹಿಂದೆ ತಿರುಗಿ ನೋಡಿದರು. ಹಿಂದೆ ನಿಂತಿದ್ದ ಇಬ್ಬರು ಸಿಬ್ಬಂದಿ ಆಕಾಶ ನೋಡತೊಡಗಿದರು. ಇನ್ನೊಂದು ಏನಾದರೂ ಬಿದ್ದು ತಮ್ಮನ್ನು ಕಾಪಾಡೀತೇ ಎಂಬಂತೆ.

ಕೊಂಡವಾಡದ ಬೀಗ ತೆಗೆಸಿ, ಉಂಡೆಯನ್ನು ಹತ್ತಿ ಹಾಸಿದ ಮರದ ಪೆಟ್ಟಿಗೆಯಲ್ಲಿಟ್ಟು, ಸೀಲ್ ಹಾಕಿ ಕಳಿಸಿದರು. ಮಾವನ ಪರಿಹಾರದ ಅರ್ಜಿ "ಟಗರು ಇತ್ತೆಂಬುದು ದೃಢಪಟ್ಟಿಲ್ಲ" ಎಂಬ ಷರಾದೊಂದಿಗೆ ವಾಪಸ್ ಬಂತು. ಈಗ ಬೆದೆ ಮುಗಿಯುತ್ತ ಬಂದಿದೆ. ಮಾವ ಗಡಿ ದಾಟಿ ಬೀದರ ಕಡೆಯ ಬೀಗರ ಹತ್ತಿರ ಟಗರು ಕೇಳಲು ಹೋಗಿದ್ದಾನೆ.

ಮುಗಿಲಲ್ಲಿ ಅರ್ಧ ಸುಟ್ಟು ಬಿದ್ದ ಲೋಹಕ್ಕೆ ಅಪ್ಪ ಯಾರೆಂದು ವಾರದಲ್ಲಿ ಗೊತ್ತಾಯಿತು. ಹಟ್ಟಿಯ ತುಂಬ ಸತ್ತ ಟಗರಿನದೇ ಸುರುಳಿ ಕೊಂಬಿನ, ಅದರದೇ ಡೊಂಕು ಮೂಗಿನ ಹೋದ ವರ್ಷದ ಮರಿಗಳು ಓಡಾಡುತ್ತಿವೆ. ಇವಕ್ಕೂ ಒಬ್ಬ ಅಪ್ಪ ಇದ್ದ ಎಂದು ನಂಬಲು ಇನ್ನಾವ ದೇಶ ಬಂದು ಸಹಿ ಹಾಕಬೇಕು?