ಛತ್ರದ ಜಗಲಿಯ ಮೇಲಿನ ಎಡೆ

“ಇದು ಸ್ಮಾರಕ ಕಣಜ್ಜಿ, ಇಲ್ಲೆಲ್ಲ ಎಡೆ ಇಡಂಗಿಲ್ಲ” ಎಂದು ಕಾವಲಿನವನು ಜಗಲಿಯ ಮೇಲಿದ್ದ ಬಾಳೆಲೆಯನ್ನು ಎತ್ತಿ ಅಜ್ಜಿಯ ಕೈಗೇ ಕೊಟ್ಟ.

ಅವತ್ತು ಮಹಾಲಯ ಅಮಾವಾಸ್ಯೆ. ನಂಜನಗೂಡಿನ ಹಳೇ ಛತ್ರವನ್ನು ಕೆಡವದೆ, ಕಟ್ಟಿಸಿದವರ ಸ್ಮಾರಕ ಮಾಡಿದ್ದಾರಲ್ಲ ಎಂದು ಖುಷಿಯಿಂದಲೇ ನೋಡಲು ಹೋಗಿದ್ದೆ. ಹೆಡತಲೆ ಊರಿನ ಈ ಅಜ್ಜಿಯ ಯಜಮಾನರು ಅಲ್ಲಿ ಅಡುಗೆ ಮಾಡಿಕೊಂಡಿದ್ದವರು. ಪ್ರಾಣ ಬಿಟ್ಟಿದ್ದೂ ಅದೇ ಜಗಲಿಯ ಮೇಲೆ. ಪ್ರತಿ ವರ್ಷ ಅಜ್ಜಿ ಅಲ್ಲೇ ಎಡೆ ಇಡುತ್ತಿದ್ದರಂತೆ.

“ಸ್ಮಾರಕ ಅಂದ್ರೇನಪ್ಪ?” ಅಜ್ಜಿ ಕೇಳಿದರು.

“ಸತ್ತೋರ್ನ ನೆನೆಯೋ ಜಾಗ.”

“ನಾನೂ ಅದ್ಕೇ ಬಂದಿರಾದು ಕಣಪ್ಪ.”

ಅವನು ಮುಖ ತಿರುಗಿಸಿ ಗೇಟು ತೋರಿಸಿದ.

ಅಜ್ಜಿ ಗೇಟಿನಾಚೆ ಚರಂಡಿಯ ಚಪ್ಪಡಿ ಮೇಲೆ ಎಡೆ ಇಟ್ಟು ಕಾದರು. ಕೊನೆಗೆ ಕಾಗೆಯೇನೋ ಬಂತು. ಆದರೆ ಅದು ಕೂತಿದ್ದು ಒಳಗೆ, ಆ ಖಾಲಿ ಜಗಲಿಯ ಮೇಲೆ.