ತ್ರಿಶಲಾ ಆರಿಸಿಕೊಂಡ ವೆರಾತರ ದನಿ

2003ರಲ್ಲಿ ನಾನು ಘಟಪ್ರಭಾದ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಮಾತು ಮತ್ತು ದನಿಯ ತೊಂದರೆ ಇರುವವರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹುಕ್ಕೇರಿಯ ಮನೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಮರಳುತ್ತಿದ್ದೆ. ಲಕ್ವಾ ಹೊಡೆದು ಮಾತು ನಿಂತ ಹಿರಿಯರು, ತೊದಲುವ ಮಕ್ಕಳು, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡ ಮಾಸ್ತರರು, ಹೀಗೆ ನನ್ನ ಕೋಣೆಯ ಮುಂದಿನ ಬೆಂಚು ಖಾಲಿ ಇರುತ್ತಿರಲಿಲ್ಲ. ಕಂಪ್ಯೂಟರ್ ಆಟಗಳ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಅಗತ್ಯ ಬರುತ್ತದೆಂದೂ ಅನಿಸಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಮೂಡಲಗಿಯಿಂದ ತ್ರಿಶಲಾ ಬಂದಳು. ಇಪ್ಪತ್ತೆರಡರ ಹುಡುಗಿ, ಗೋಕಾಕದಲ್ಲಿ ಬಿ.ಎಡ್. ಓದುತ್ತಿದ್ದಳು. ಮನೆಯವರಿಗೆ ಕಾಳಿನ ವ್ಯಾಪಾರ, ಜೊತೆಗೊಂದು ಹಿಟ್ಟಿನ ಗಿರಣಿ. ಬೇಸಿಗೆಯಲ್ಲಿ ಅವಳ ಓಢಣಿ ಗಿರಣಿಯ ಬೆಲ್ಟಿಗೆ ಸಿಕ್ಕಿಕೊಂಡಿತ್ತು. ಅಣ್ಣ ಅಜಿತ ಓಡಿ ಹೋಗಿ ಮೇನ್ ಸ್ವಿಚ್ ಎಳೆದದ್ದರಿಂದ ಜೀವ ಉಳಿಯಿತು, ಆದರೆ ಅಷ್ಟರಲ್ಲಿ ಕೊರಳಿನ ಧ್ವನಿಪೆಟ್ಟಿಗೆಯ ಮೃದ್ವಸ್ಥಿ ಸೀಳಿತ್ತು. ಬೆಳಗಾವಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಕೆಲವು ವಾರ ಕೊರಳಿಗೆ ಹಾಕಿದ ನಳಿಗೆಯಿಂದ ಉಸಿರಾಡಿ, ಅದನ್ನು ತೆಗೆದ ಮೇಲೆ ನನ್ನಲ್ಲಿಗೆ ಕಳಿಸಿದ್ದರು.

ನಮ್ಮ ಗಂಟಲಲ್ಲಿ ಎರಡು ಧ್ವನಿತಂತುಗಳಿವೆ. ಎರಡೂ ಹತ್ತಿರ ಬಂದು ಕಂಪಿಸಿದಾಗ ದನಿ ಹುಟ್ಟುತ್ತದೆ. ತ್ರಿಶಲಾಳ ಎಡಗಡೆಯ ತಂತು ಪೆಟ್ಟಿನಿಂದ ನಿಶ್ಚಲವಾಗಿತ್ತು. ಬಲಗಡೆಯದು ಎಷ್ಟು ಚಾಚಿದರೂ ನಡುವೆ ಸಂದು ಉಳಿಯುತ್ತಿತ್ತು, ಆ ಸಂದಿನಿಂದ ಗಾಳಿ ಸೋರಿಹೋಗುತ್ತಿತ್ತು. ಬಾಯಿ ತೆರೆದರೆ ಹರಿದ ಬಟ್ಟೆಯನ್ನು ಎಳೆದಂಥ ಸದ್ದು. ಅದನ್ನು ಒಂದು ಸಲ ಕೇಳಿಸಿಕೊಂಡ ಮೇಲೆ ಅವಳು ಬಾಯಿ ತೆರೆಯುವುದನ್ನೇ ಬಿಟ್ಟಿದ್ದಳು. ತಲೆಯಾಡಿಸುವುದು, ಕೈಸನ್ನೆ, ತೀರ ಬೇಕಾದರೆ ತಾಯಿಯ ಕಿವಿಯಲ್ಲಿ ಪಿಸುಮಾತು, ಅಷ್ಟೇ.

ತಾಯಿ ಕಮಲಾಬಾಯಿ ಪ್ರತಿ ಸಲವೂ ಜೊತೆಗೆ ಬರುತ್ತಿದ್ದರು. ಮಗಳು ಬಸದಿಯಲ್ಲಿ ಸ್ತವನ ಹಾಡುವುದನ್ನು ಕೇಳಲೆಂದೇ ಪಕ್ಕದ ಊರಿನವರು ಬರುತ್ತಿದ್ದರಂತೆ. ಮೂರನೆಯ ವಾರ ಅವರು ನೇರವಾಗಿ ಕೇಳಿದರು: “ಬಾಯಾರ, ಮೊದಲಿನ ದನಿ ಬರತೈತೇನ್ರಿ?”

ಬೆಳಗಾವಿಯ ಡಾಕ್ಟರರ ವರದಿ ನನ್ನ ಮುಂದಿತ್ತು. ತಂತು ಮತ್ತೆ ಚಲಿಸುವ ಸಾಧ್ಯತೆ ಇಲ್ಲವೆಂದೇ ಹೇಳಬಹುದಿತ್ತು. ತ್ರಿಶಲಾ ನನ್ನ ಮುಖವನ್ನೇ ನೋಡುತ್ತಿದ್ದಳು. “ಇಲ್ಲ ಕಾಕೂ,” ಎಂದೆ. “ದನಿ ಬರತೈತಿ. ಆದ್ರ ಬ್ಯಾರೆ ದನಿ.”

ಕಮಲಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ತ್ರಿಶಲಾ ಎದ್ದು ಹೊರಗೆ ಹೋದಳು. ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ಇಂಥ ಗಾಯದಲ್ಲಿ ಮೊದಲ ತಿಂಗಳುಗಳೇ ಮುಖ್ಯ. ಉಳಿದ ಒಂದು ತಂತುವಿಗೆ ಸಂದು ದಾಟುವ ಅಭ್ಯಾಸ ಆಗಲೇ ಮಾಡಿಸಬೇಕು. ಇಲ್ಲದಿದ್ದರೆ ರೋಗಿ ಬೇಡದ ಸ್ನಾಯುಗಳನ್ನು ಬಿಗಿಹಿಡಿದು ಪಿಸುಗುಟ್ಟುವುದಕ್ಕೆ ಒಗ್ಗಿಬಿಡುತ್ತಾರೆ. ಆ ರೂಢಿಯನ್ನು ಬಿಡಿಸುವುದು ಬಹಳ ಕಷ್ಟ. ಒಂದು ಭಾನುವಾರ ನಾನೇ ಮೂಡಲಗಿಯ ಬಸ್ಸು ಹತ್ತಿದೆ.

ಅವರ ಮನೆಯ ಹೊಸ್ತಿಲು ದಾಟುತ್ತಿದ್ದಂತೆ ಒಳಕೋಣೆಯಿಂದ ಒಂದು ದನಿ ಕೇಳಿಸಿತು. ಒರಟು, ತಗ್ಗಿನ, ನಡುನಡುವೆ ಹರಿಯುವ ದನಿ. ತ್ರಿಶಲಾ ಮಾತಾಡುತ್ತಿದ್ದಾಳೆಂದೇ ತಿಳಿದು ನಿಂತೆ.

“ಆಕಿ ಅಲ್ರಿ,” ಎಂದರು ಕಮಲಾಬಾಯಿ. “ಅದು ಕಂಪ್ಯೂಟರಿನ್ಯಾಗಿನ ದೆವ್ವ. ಅಜಿತ ಗೋಕಾಕದಿಂದ ಆಟದ ಸಿಡಿ ತಂದುಕೊಟ್ಟಾನ. ಮುಂಜಾನಿಂದ ಅದರ ಮುಂದ ಕುಂತಿರತಾಳ. ನೀವರ ಬಿಡಸ್ರಿ.”

ನಾನು ಕುರ್ಚಿ ಎಳೆದುಕೊಂಡು ತ್ರಿಶಲಾಳ ಬಾಜೂ ಕುಳಿತೆ. ಪರದೆಯ ಮೇಲೆ ಮಂಜು ಮುಸುಕಿದ ಬೆಟ್ಟ, ಅದರ ಮೇಲೊಂದು ಉದ್ದ ಕೊರಳಿನ ಬೂದು ಬಣ್ಣದ ಆಕೃತಿ. ಕೊರಳಿನ ಎರಡೂ ಬದಿಗೆ ಮೀನಿನ ಕಿವಿರಿನಂಥ ಸೀಳುಗಳು. “ಇವರು ಯಾರು?” ಎಂದೆ. ಅವಳು ಮಾತಾಡದೆ ಆಟವನ್ನು ನಿಲ್ಲಿಸಿ ಆ ಕುಲದ ಕಥೆ ಇರುವ ಪುಟ ತೆರೆದಳು. ಇಂಗ್ಲಿಷಿನಲ್ಲಿದ್ದ ಅದನ್ನು ಇಬ್ಬರೂ ಸೇರಿ ಓದಿದೆವು.

ಆ ಆಟದ ಲೋಕದಲ್ಲಿ ಮನುಷ್ಯರಿದ್ದರು, ಕುಳ್ಳರಿದ್ದರು, ಮಂತ್ರ ಹಾಡುವ ವನವಾಸಿಗಳಿದ್ದರು. ಆಡುವವರು ಒಂದು ಕುಲವನ್ನು ಆರಿಸಿಕೊಂಡು ಆ ಕುಲದವರಾಗಿ ಆಡಬೇಕು. ಈ ಉದ್ದ ಕೊರಳಿನ ವೆರಾತರು ಮಾತ್ರ ಬೇರೆ ಗ್ರಹದಿಂದ ಬಂದವರು. ಅವರ ತಾಯ್ನೆಲದಲ್ಲಿ ಗಾಳಿ ನೀರಿನಷ್ಟು ದಟ್ಟ. ಅಲ್ಲಿ ಒಬ್ಬ ಹಾಡಿದರೆ ಕಣಿವೆಯಾಚೆಯವನಿಗೆ ಕೇಳಿಸುತ್ತಿತ್ತು. ಅವರ ನೌಕೆ ಒಡೆದು ಈ ನೆಲಕ್ಕೆ ಬಿದ್ದಾಗ, ಇಲ್ಲಿನ ತೆಳು ಗಾಳಿಯಲ್ಲಿ ಅವರ ಹಾಡು ಹುಟ್ಟಲೇ ಇಲ್ಲ. ಹೊರಟದ್ದು ಒಡಕು ದನಿ. ಊರಿನವರು ಹೆದರಿ ಬಾಗಿಲು ಹಾಕಿಕೊಂಡರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಮಂತ್ರಗಳನ್ನೆಲ್ಲ ಹಾಡಿಯೇ ಹಾಕಬೇಕಾದ ಲೋಕದಲ್ಲಿ ಒಂದು ಮಂತ್ರವೂ ಅವರಿಗೆ ಒಲಿಯದು. ಆದ್ದರಿಂದ ಹೆಚ್ಚಿನ ಆಟಗಾರರು ಈ ಕುಲವನ್ನು ಆರಿಸುವುದಿಲ್ಲ. ಆದರೆ ಮಂಜು ಕವಿದ ನಾಡಿನಲ್ಲಿ ಇಂಪಾದ ದನಿಗಳೆಲ್ಲ ಒಂದರೊಳಗೊಂದು ಬೆರೆತು ದಾರಿ ತಪ್ಪಿಸುತ್ತವೆ. ವೆರಾತರ ಒಡಕು ಕರೆ ಮಾತ್ರ ಬೆರೆಯುವುದಿಲ್ಲ. ಅದರ ಜಾಡು ಹಿಡಿದುಕೊಂಡು ದಂಡು ಮಂಜನ್ನು ದಾಟುತ್ತದೆ.

ಓದಿ ಮುಗಿಸಿ, “ಇಷ್ಟು ಮಂದಿಯೊಳಗ ಇವರನ್ನ ಯಾಕ ಆರಿಸಿಕೊಂಡಿ?” ಎಂದು ಕೇಳಿದೆ. ಅವಳು ಬೆರಳಿನಿಂದ ಪುಟದ ಒಂದು ಸಾಲು ತೋರಿಸಿದಳು. ನಾನು ತಲೆಯಲ್ಲಾಡಿಸಿದೆ. “ತೋರಿಸಬ್ಯಾಡ, ಹೇಳು.”

ಅವಳು ಬೆರಳನ್ನು ಪರದೆಯಿಂದ ತೆಗೆದಳು. ಆಮೇಲೆ, ಎರಡು ಮೂರು ಕಡೆ ಉಸಿರು ಮುರಿದುಕೊಂಡು, ಹೇಳಿದಳು: “ಹಳೀ ದನಿ ವಾಪಸ್ ಬರೂದಿಲ್ಲಂತ ಇದರಾಗ ಮೊದಲ ಹೇಳಿಬಿಡ್ತಾರ್ರಿ ಮೇಡಮ್. ಅಲ್ಲಿಂದ ಆಟ ಚಾಲೂ ಆಗತೈತಿ.”

ಅದು ಅವಳು ನನ್ನ ಜೊತೆ ಆಡಿದ ಮೊದಲ ಪೂರ್ಣ ಮಾತು. ಬಾಗಿಲಲ್ಲಿ ನಿಂತಿದ್ದ ಕಮಲಾಬಾಯಿ ಚೌಕಟ್ಟು ಹಿಡಿದುಕೊಂಡರು.

“ಈ ದನಿ ನಿನಗ ಅಸಹ್ಯ ಅನಸತೈತೇನು?” ಎಂದು ಸ್ಪೀಕರಿನ ಕಡೆ ಕೈ ಮಾಡಿದೆ.

“ಇಲ್ರಿ. ಇದು ಗಟ್ಟಿ ಐತಿ.”

“ಹಂಗಾದ್ರ ಇದನ್ನ ಮಾಡೂಣು.”

ಅಂದಿನಿಂದ ಚಿಕಿತ್ಸೆಯ ಗುರಿ ಬದಲಾಯಿತು. ಇಂಪನ್ನು ಪಕ್ಕಕ್ಕಿಟ್ಟು, ಗಟ್ಟಿತನ ಮತ್ತು ಸ್ಪಷ್ಟತೆಗೆ ದುಡಿದೆವು. ಅರ್ಧ ನುಂಗಿ, ನುಂಗುವ ಬಿಗುವಿನಲ್ಲೇ ‘ಬೂಮ್’ ಎನ್ನುವ ಒಂದು ಅಭ್ಯಾಸವಿದೆ. ಆಗ ತಂತುಗಳು ತಾವಾಗಿ ಒತ್ತಿಕೊಳ್ಳುತ್ತವೆ. ತಲೆಯನ್ನು ಎಡಕ್ಕೆ ಹೊರಳಿಸಿ ಮಾತಾಡಿದರೆ ಸಂದು ಕಿರಿದಾಗುತ್ತದೆ. ಹೊಟ್ಟೆಯಿಂದ ಉಸಿರು ತಳ್ಳಬೇಕು, ಚಿಕ್ಕ ಚಿಕ್ಕ ವಾಕ್ಯ ಆಡಬೇಕು, ಪಿಸುಮಾತು ಪೂರ್ತಿ ಬಂದ್. ತ್ರಿಶಲಾ ಆಟದ ವೆರಾತ್ ನಾಯಕಿಯ ಮಾತುಗಳನ್ನು ಕನ್ನಡಕ್ಕೆ ಮಾಡಿಕೊಂಡು ಅದೇ ತಗ್ಗಿನಲ್ಲಿ ಹೇಳುತ್ತಿದ್ದಳು. ದನಿ ಹರಿದ ಕಡೆ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಮೊದಲಿನಿಂದ. ಒಮ್ಮೆ ಧುಪದಾಳದ ಒಡ್ಡಿಗೆ ಹೋಗಿ ನೀರಿನ ಸದ್ದಿನ ಮೇಲೆ ಕೂಗಿ ನೋಡುತ್ತೇನೆಂದು ಹಟ ಹಿಡಿದಳು. ನಾನು ಬಿಡಲಿಲ್ಲ. ಒಂದು ದಿನದ ಕೂಗಾಟದಲ್ಲಿ ತಿಂಗಳುಗಳ ದುಡಿಮೆ ಹಾಳಾಗುತ್ತಿತ್ತು. ಅದರ ಬದಲು ಆಸ್ಪತ್ರೆಯ ಉದ್ದನೆಯ ವರಾಂಡದ ಒಂದು ತುದಿಗೆ ಅವಳು, ಇನ್ನೊಂದು ತುದಿಗೆ ನಾನು. ಮೊದಮೊದಲು ನನಗೆ ಗಾಳಿ ಮಾತ್ರ ಕೇಳಿಸುತ್ತಿತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಅಕ್ಷರಗಳು ಬಂದು ಮುಟ್ಟತೊಡಗಿದವು.

ಬಿ.ಎಡ್. ಕೊನೆಗೆ ಪರೀಕ್ಷಕರ ಮುಂದೆ ನಿಜವಾದ ತರಗತಿಗೆ ಪಾಠ ಮಾಡಿ ತೋರಿಸಬೇಕು. ಕಾಲೇಜಿನವರು ಕನಿಕರದಿಂದಲೇ, ಮುಂದಿನ ವರ್ಷ ಕೊಡಮ್ಮ ಎಂದಿದ್ದರು. ಕಮಲಾಬಾಯಿಗೂ ಅದೇ ಸರಿ ಕಂಡಿತ್ತು. “ಮಂದಿ ನಗತಾರ್ರಿ ಬಾಯಾರ. ಒಂದ ವರ್ಷ ತಡದ್ರ ಏನಾಗತೈತಿ?” ಎಂದು ನನ್ನನ್ನು ಕೇಳಿದರು.

ಉತ್ತರವನ್ನು ತ್ರಿಶಲಾಳೇ ಕೊಟ್ಟಳು. “ಮುಂದಿನ ವರ್ಷಾನೂ ಇದ ದನಿ ಇರತೈತಿ, ಅವ್ವಾ.”

ಗೋಕಾಕದ ಆ ಹೈಸ್ಕೂಲಿಗೆ ನಾನು ರಜೆ ಹಾಕಿ ಹೋದೆ. ಒಳಗೆ ಬಿಡುವಂತಿರಲಿಲ್ಲ. ಕಮಲಾಬಾಯಿ ಮತ್ತು ನಾನು ಹೊರಗೆ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಕುಳಿತೆವು. ಕೊರಳಿಗೆ ಹಾಕಿಕೊಳ್ಳುವ ಸಣ್ಣ ಮೈಕು ಕೊಡಿಸಿದ್ದೆ. ಅದರ ಮೊದಲ ಕೊರ್ರೆನ್ನುವ ಸದ್ದು, ಅದರ ಹಿಂದೆ ಅವಳ ದನಿ. ತಕ್ಷಣ ಹಿಂದಿನ ಬೆಂಚುಗಳಿಂದ ನಗು ಎದ್ದಿತು. ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಕಮಲಾಬಾಯಿ ನನ್ನ ಮುಂಗೈ ಹಿಡಿದುಕೊಂಡರು. ಬಿಟ್ಟಾಗ ಅಲ್ಲಿ ನನ್ನದೇ ಬಳೆಯ ಗುರುತು ಮೂಡಿತ್ತು.

ಒಳಗೆ ತ್ರಿಶಲಾ ಮಾತು ನಿಲ್ಲಿಸಿದಳು. ಓಡಿ ಬರುತ್ತಾಳೆಂದು ನಾನು ಬಾಗಿಲ ಕಡೆ ನೋಡಿದೆ. ಬರಲಿಲ್ಲ. ನಗು ತಾನಾಗಿ ಇಳಿಯುವವರೆಗೆ ಕಾದಳು. ಆಮೇಲೆ ಅದೇ ತಗ್ಗಿನ ಒಡಕು ದನಿಯಲ್ಲಿ, ಅವಸರವಿಲ್ಲದೆ ಹೇಳಿದಳು: “ನನ್ನ ದನಿ ಹಿಂಗ ಐತಿ. ಸ್ವಲ್ಪ ಹೊತ್ತು ಕೇಳ್ರಿ, ರೂಢಿ ಆಗತೈತಿ. ಈಗ ಪುಸ್ತಕ ತಗೀರಿ.”

ಪುಸ್ತಕಗಳು ತೆರೆದುಕೊಂಡ ಸದ್ದು ಕೇಳಿಸಿತು. ಪಾಠ ಬೆಳಕಿನ ಪ್ರತಿಫಲನದ್ದು. ಅರ್ಧಕ್ಕೆ ಬರುವಷ್ಟರಲ್ಲಿ ಹುಡುಗಿಯೊಬ್ಬಳು ಎದ್ದು ಪ್ರಶ್ನೆ ಕೇಳಿದಳು, ತ್ರಿಶಲಾ ಉತ್ತರಿಸಿದಳು, ಇನ್ನೊಬ್ಬ ಕೇಳಿದ. ಅಷ್ಟರಲ್ಲಿ ತರಗತಿ ದನಿಯ ವಿಷಯವನ್ನೇ ಮರೆತಿತ್ತು. ಅವಳು ಆ ವರ್ಷವೇ ಪಾಸಾದಳು.

ನನ್ನ ವೃತ್ತಿಯಲ್ಲಿ ಕಳೆದುಹೋದದ್ದನ್ನು ತಂದುಕೊಡಿ ಎಂದು ಕೇಳಿಕೊಂಡು ಬರುವವರೇ ಹೆಚ್ಚು. ತರಲಾಗದ್ದನ್ನು ತರಲಾಗದು ಎಂದು ಹೇಳುವುದು ಚಿಕಿತ್ಸೆಯ ಕೊನೆಯಲ್ಲ, ಅದರ ಮೊದಲ ದಿನ. ಅಷ್ಟು ಹೇಳಿದ ಮೇಲೆ, ಉಳಿದದ್ದರಿಂದ ಏನು ಮಾಡಬೇಕೆಂಬುದನ್ನು ರೋಗಿಯೇ ಆರಿಸಬೇಕು. ಆ ಆಯ್ಕೆ ವೈದ್ಯ ಗ್ರಂಥದಲ್ಲೇ ಸಿಗಬೇಕೆಂದಿಲ್ಲ. ಮೂಡಲಗಿಯ ಹುಡುಗಿಗೆ ಅದು ಬೇರೆ ಗ್ರಹದ ಕಲ್ಪಿತ ಜನರಲ್ಲಿ ಸಿಕ್ಕಿತು. ಅದರ ನಂತರ ಹೊಸ ರೋಗಿ ಬಂದಾಗ, ನಿಮಗೆ ಯಾರ ಮಾತು ಕೇಳಲು ಇಷ್ಟ ಎಂದು ತಪ್ಪದೆ ವಿಚಾರಿಸುತ್ತೇನೆ.

ಶಿಕ್ಷಕಿಯಾದ ಕೆಲವು ವರ್ಷಗಳ ಮೇಲೆ ತ್ರಿಶಲಾ ಒಮ್ಮೆ ಫೋನ್ ಮಾಡಿದ್ದಳು. ಹೇಗಿದ್ದೀ ಎಂದು ಕೇಳಿದೆ.

“ಫೋನಿನ್ಯಾಗ ಎಲ್ಲಾರೂ ನನಗ ಸರ್ ಅಂತಾರ್ರಿ ಮೇಡಮ್,” ಎಂದಳು. “ಮೊದಲ ತಿದ್ದತಿದ್ದೆ. ಈಗ ಬಿಟ್ಟೇನಿ. ಸರ್ ಅಂದಾಗ ಕೆಲಸ ಜಲ್ದಿ ಆಗತಾವ.”